ಬಂಗುಡೆ ರೇಟ್ ಎಲ್ಲರಿಗೂ ಗೊತ್ತು, ಗಾಡಿ ರೇಟ್ ಯಾರಿಗೂ ಗೊತ್ತಿಲ್ಲ

1/6
ಕಳೆದ ವಾರ ರಾತ್ರಿ ಹನ್ನೊಂದಕ್ಕೆ ನಮ್ಮ ಪಿಯು ಬ್ಯಾಚಿನ ಹುಡುಗನೊಬ್ಬನ ಮೆಸೇಜ್. "ಮಾರಾಯ್ತಿ, ನಿಂಗೆ ಲೆಕ್ಕ ಬರ್ತದಲ್ಲ, ಇದೊಂದು ನೋಡು. ಪಿಕಪ್ ಬುಕ್ ಮಾಡ್ತಾ ಇದ್ದೇನೆ. ಆನ್‌ರೋಡ್ ಹತ್ತು ನಲವತ್ತು ಹೇಳ್ತಾರೆ. ಸರಿ ಉಂಟಾ? ಶುಕ್ರವಾರ ಟೋಕನ್ ಕೊಡ್ಬೇಕು."

ಜೊತೆಗೆ ಶೋರೂಮಿನ ಕೊಟೇಶನ್ ಫೋಟೋ. ಐದೇ ಸಾಲು, ಕೆಳಗೆ 10,40,000.

ನಾನು ಕೂಡ್ಲೇ ಉತ್ತರ ಕೊಡ್ಲಿಲ್ಲ. ಸರಿ ಉಂಟೋ ಇಲ್ವೋ ಹೇಳ್ಳಿಕ್ಕೆ ನನ್ನ ಹತ್ರ ಹೋಲಿಸಿ ನೋಡೋ ಇನ್ನೊಂದು ನಂಬರ್ರೇ ಇರ್ಲಿಲ್ಲ. ನಮ್ಮ ಮಾವಿನಕುರ್ವೆಯಲ್ಲಿ (ಶರಾವತಿ ನಡುವಿನ ಹೊನ್ನಾವರದ ಮಾವಿನಕುರ್ವೆ ಅಲ್ಲ, ಭಟ್ಕಳ ಬಂದರಿನದು) ಎಷ್ಟು ಮನೆ ಮುಂದೆ ಗೂಡ್ಸ್ ಗಾಡಿ ನಿಂತಿದೆ ಅಂತ ನಿಮಗೂ ಗೊತ್ತು. ಆದ್ರೆ ಯಾವ ಮನೆಯವ್ರು ಎಷ್ಟಕ್ಕೆ ತಂದ್ರು ಅಂತ ಒಬ್ಬರದ್ದಾದ್ರೂ ಸರಿಯಾಗಿ ಗೊತ್ತುಂಟಾ? ಕೇಳಿದ್ರೆ ಕೆಲವ್ರು ಐವತ್ತು ಸಾವಿರ ಕಮ್ಮಿ ಹೇಳ್ತಾರೆ, ಚೌಕಾಸಿಯಲ್ಲಿ ತಾನು ಜೋರು ಅಂತ ತೋರಿಸ್ಲಿಕ್ಕೆ. ಕೆಲವ್ರು ಐವತ್ತು ಸಾವಿರ ಜಾಸ್ತಿ ಹೇಳ್ತಾರೆ, ಟಾಪ್ ಮಾಡೆಲ್ ಅಂತ ತೋರಿಸ್ಲಿಕ್ಕೆ.

ಅದೇ ಬಂದರಿನಲ್ಲಿ ಬೆಳಿಗ್ಗೆ ಬಂಗುಡೆ ಹರಾಜು ಆಗೋದು ಹೇಗೆ? ಬಾಯಿಬಿಟ್ಟು ಕೂಗಿ. ಬುಟ್ಟಿ ಎಷ್ಟಕ್ಕೆ ಹೋಯ್ತು ಅಂತ ಹತ್ತು ನಿಮಿಷದಲ್ಲಿ ಮಲ್ಪೆವರೆಗೂ ಗೊತ್ತಾಗ್ತದೆ. ಒಂದು ಬುಟ್ಟಿ ಮೀನಿನ ಬೆಲೆ ಅಷ್ಟು ಬಹಿರಂಗ, ಹತ್ತು ಲಕ್ಷದ ಗಾಡಿ ಬೆಲೆ ಮಾತ್ರ ಮನೆಯೊಳಗಿನ ಗುಟ್ಟು. ಈ ಗುಟ್ಟಿನಿಂದ ಲಾಭ ಯಾರಿಗೆ? ನಮಗಂತೂ ಅಲ್ಲ.

2/6
ಮೊದಲು ಆ ಐದು ಸಾಲು.

ಎಕ್ಸ್‌ಶೋರೂಂ 8,90,000
ಇನ್ಶೂರೆನ್ಸ್ 52,000
ಆರ್‌ಟಿಒ ಮತ್ತು ಇತರೆ 78,000
ಆಕ್ಸೆಸರಿ ಕಿಟ್ 18,500
ಫಾಸ್ಟ್ಯಾಗ್ 1,500

"ಆನ್‌ರೋಡ್ ಎಷ್ಟು?" ಅಂತ ಕೇಳಿದ್ರೆ ಯಾವತ್ತೂ ಒಂದೇ ನಂಬರ್ ಸಿಗೋದು, ಅದ್ರಲ್ಲಿ ಎಲ್ಲಾ ಕಲಸಿ ಹೋಗಿರ್ತದೆ. ಹಾಗಾಗಿ ಸಾಲು ಬಿಡಿಸಿ ಕೇಳಿ. ಬಿಡಿಸಿದಾಗ ಒಂದು ವಿಷಯ ಕಾಣ್ತದೆ. ಕೆಲವು ದುಡ್ಡು ಯಾರ ಕೈಯಲ್ಲೂ ಇಲ್ಲ, ದೇಶಕ್ಕೆಲ್ಲ ಒಂದೇ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಹಾಗೆ. 2022ರ ಜೂನ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 7,500 ಕಿಲೋವರೆಗಿನ ಗೂಡ್ಸ್ ಗಾಡಿಗೆ ಅದು 16,049 ರೂಪಾಯಿ, ಮೇಲೆ ಜಿಎಸ್‌ಟಿ. ರಿಜಿಸ್ಟ್ರೇಶನ್ ಫೀ ಸಣ್ಣ ಗೂಡ್ಸ್ ಗಾಡಿಗೆ 1,000, ಸಾಲದ ಹೆಸರು ಆರ್‌ಸಿಯಲ್ಲಿ ಸೇರಿಸ್ಲಿಕ್ಕೆ 1,500. ಇದನ್ನ ಹಿಡ್ಕೊಂಡು ಚೌಕಾಸಿ ಮಾಡಿದ್ರೆ ನಿಮ್ಮ ಬಾಯಿ ನೋವು ಅಷ್ಟೇ.

ಉಳಿದದ್ದು ಶೋರೂಮಿನ ಕೈಯಲ್ಲಿರೋದು. ಇನ್ಶೂರೆನ್ಸಿನಲ್ಲಿ ನಮ್ಮ ಗಾಡಿಯ ಡ್ಯಾಮೇಜಿಗೆ ಕಟ್ಟೋ ಭಾಗ ಕಂಪನಿಯಿಂದ ಕಂಪನಿಗೆ ಬೇರೆ. ಶೋರೂಮ್ ಹೇಳಿದ ಕಂಪನಿಯಲ್ಲೇ ಮಾಡಿಸ್ಬೇಕು ಅಂತ ಯಾರೂ ಒತ್ತಾಯ ಮಾಡೋ ಹಾಗಿಲ್ಲ, ಐಆರ್‌ಡಿಎಐ 2017ರಲ್ಲೇ ಡೀಲರುಗಳಿಗೆ ನಿಯಮ ಮಾಡಿದೆ. ಅವನಿಗೆ ಅದೇ ಗಾಡಿಗೆ, ಅದೇ ಐಡಿವಿಗೆ, ಹೊರಗಡೆ ಕೇಳು ಅಂದೆ. 41,000 ಅಂದ್ರು. ಒಂದು ಫೋನಿಗೆ 11,000.

"ಆರ್‌ಟಿಒ ಮತ್ತು ಇತರೆ" ಅನ್ನೋದ್ರಲ್ಲಿ ಆರ್‌ಟಿಒ ತಪ್ಪಿಲ್ಲ. ಆ "ಇತರೆ" ಯಾರು ಅಂತ ಕೇಳ್ಬೇಕು. ತೆರಿಗೆ ಗಾಡಿಯ ತೂಕದ ಮೇಲೆ, ಅದಕ್ಕೆ ಸರ್ಕಾರದ ರಶೀದಿ ಇರ್ತದೆ. ಹೊನ್ನಾವರ ಆರ್‌ಟಿಒಗೆ ಕಟ್ಟಿದ್ದು ಎಷ್ಟೋ ಅಷ್ಟೇ ಕೊಡ್ತೇನೆ, ರಶೀದಿ ಕೊಡಿ ಅನ್ನಿ. ನಮ್ಮ ಚಿಕ್ಕಪ್ಪನ ಗಾಡಿ ಸಮಯದಲ್ಲಿ ಹೀಗೆ ಕೇಳಿದ್ದಕ್ಕೇ 14,000 ಇಳೀತು. ಆಗ ಸೇಲ್ಸಿನವ್ರು ನನ್ನನ್ನ ನೋಡಿ, "ನೀವು ಗಾಡಿ ಓಡಿಸ್ತೀರಾ ಮೇಡಂ?" ಅಂದ್ರು. ಇಲ್ಲ, ಕಂತು ಬರ್ಕೊಳ್ತೇನೆ ಅಂದೆ.

ಆಕ್ಸೆಸರಿ ಕಿಟ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಸೀಟ್ ಕವರಿಗೂ ಮಡ್‌ಫ್ಲ್ಯಾಪಿಗೂ 18,500 ಕೊಡ್ಬೇಡಿ. ಮೀನಿನ ಗಾಡಿಗೆ ಬೇಕಾದದ್ದು ಅಡಿಭಾಗಕ್ಕೆ ತುಕ್ಕು ಹಿಡಿಯದ ಕೋಟಿಂಗ್, ಬಾಡಿಗೆ ಫೈಬರ್ ಶೀಟ್, ಐಸ್ ನೀರು ಚಾಸಿ ಮೇಲೆ ಬೀಳದ ಹಾಗೆ ಪೈಪ್. ಇದು ಆ ಕಿಟ್ಟಿನಲ್ಲಿ ಇರೋದೇ ಇಲ್ಲ. ಉಪ್ಪುನೀರು ಬಿದ್ದ ಗಾಡಿಗೆ ಐದು ವರ್ಷದ ಮೇಲೆ ಎಂತ ರೇಟ್ ಬರ್ತದೆ ಅಂತ ಗುಜರಿ ಅಂಗಡಿಯವ್ರನ್ನ ಕೇಳಿ.

3/6
ಹಳೇ ಬಿಲ್ ಹಿಡ್ಕೊಂಡು ಹೋಗೋರಿಗೆ ಒಂದು ಮಾತು. 2025ರ ಸೆಪ್ಟೆಂಬರ್ 22ರಿಂದ ಗೂಡ್ಸ್ ಗಾಡಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. "ಹತ್ತು ಪರ್ಸೆಂಟ್ ಕಮ್ಮಿ ಆಗ್ಬೇಕಲ್ಲ" ಅಂತ ಜಗಳ ಆಡೋರು ಇದ್ದಾರೆ. ಆಗೋದಿಲ್ಲ. ಮೊದಲು 128 ಇದ್ದದ್ದು ಈಗ 118. ಅಂದ್ರೆ ಹಳೇ ಎಕ್ಸ್‌ಶೋರೂಂ ಬೆಲೆ ಮೇಲೆ ಸುಮಾರು 7.8 ಪರ್ಸೆಂಟ್. 2024ರಲ್ಲಿ 9,00,000 ಇದ್ದ ಗಾಡಿ, ಕಂಪನಿ ತನ್ನ ಬೆಲೆ ಮುಟ್ಟದೇ ಇದ್ರೆ, ಈಗ 8,29,700ರ ಹತ್ತಿರ ಇರ್ಬೇಕು. ಅದಕ್ಕಿಂತ ಜಾಸ್ತಿ ಹೇಳಿದ್ರೆ ಕಂಪನಿ ಬೆಲೆ ಏರಿಸಿದೆ, ಇಲ್ಲಾ ಮಾಡೆಲ್ ಬೇರೆ, ಇಲ್ಲಾ ನಿಮ್ಮ ಹತ್ರ ಹಳೇ ಬಿಲ್ ಇದೆ ಅಂತ ಅವ್ರಿಗೆ ಗೊತ್ತಿಲ್ಲ.

ಜನವರಿ, ಫೆಬ್ರವರಿಯಲ್ಲಿ ತಗೊಳ್ಳೋರು ಫಾರ್ಮ್ 22 ನೋಡಿ. ಗಾಡಿ ತಯಾರಾದ ತಿಂಗಳು, ವರ್ಷ ಅದ್ರಲ್ಲಿ ಇರ್ತದೆ. ಹೋದ ವರ್ಷದ ಗಾಡಿಯನ್ನ ಈ ವರ್ಷದ ರೇಟಿಗೆ ತರ್ಬೇಡಿ. ಮಾರೋವಾಗ ನಿಮಗೆ ಹೋದ ವರ್ಷದ್ದೇ ರೇಟ್ ಸಿಗೋದು.

4/6
ಈಗ ನಮ್ಮ ಮನೆ ಕಥೆ. ಇದನ್ನ ಬರೀಬೇಕಾ ಅಂತ ಎರಡು ದಿನ ಯೋಚನೆ ಮಾಡಿದೆ.

2019ರಲ್ಲಿ ಅಪ್ಪ ಗಾಡಿ ತಂದ. ಶೋರೂಮಿನಲ್ಲಿ ಎರಡು ತಾಸು ಕೂತು ಹತ್ತು ಸಾವಿರ ಇಳಿಸಿದ, ಮೇಲೊಂದು ಟಾರ್ಪಾಲು. ಅವತ್ತು ಮನೆಯಲ್ಲಿ ಪಾಯಸ. ಸಾಲ 7,00,000, ನಾಲ್ಕು ವರ್ಷ, "ಬಡ್ಡಿ ಏಳೇ ಪರ್ಸೆಂಟ್". ಕಂತು 18,667.

ಎರಡು ವರ್ಷ ಆದ್ಮೇಲೆ, ಬಿಕಾಂನಲ್ಲಿ ಇದೇ ಪಾಠ ಬಂದಾಗ, ನಾನು ಸಾಲದ ಕಾಗದ ತೆಗ್ದೆ. ಏಳರ ಪಕ್ಕ ಸಣ್ಣಕ್ಷರದಲ್ಲಿ "ಫ್ಲಾಟ್" ಅಂತ ಇತ್ತು. ಫ್ಲಾಟ್ ಅಂದ್ರೆ, ನೀವು ಅರ್ಧ ಸಾಲ ತೀರಿಸಿದ್ಮೇಲೂ ಬಡ್ಡಿ ಪೂರ್ತಿ ಏಳು ಲಕ್ಷಕ್ಕೇ. ನಾಲ್ಕು ವರ್ಷಕ್ಕೆ 1,96,000. ಉಳಿದ ಸಾಲದ ಮೇಲೆ ಮಾತ್ರ ಏಳು ಪರ್ಸೆಂಟ್ ಆಗಿದ್ರೆ ಕಂತು 16,762, ಬಡ್ಡಿ ಸುಮಾರು 1,04,600. ಬ್ಯಾಂಕಿನವ್ರು ಹೇಳೋ ರೀತಿಯಲ್ಲಿ ಲೆಕ್ಕ ಹಾಕಿದ್ರೆ ಅಪ್ಪ ಕಟ್ಟಿದ್ದು ಏಳಲ್ಲ, ಹನ್ನೆರಡೂವರೆಗಿಂತ ಮೇಲೆ. ಹತ್ತು ಸಾವಿರ ಇಳಿಸಿ ಪಾಯಸ ಮಾಡಿದ ದಿನವೇ ತೊಂಬತ್ತು ಸಾವಿರದ ಲೆಕ್ಕ ಕಣ್ಣಿಗೆ ಬೀಳದೇ ಹೋಯ್ತು.

ಒಪ್ತೇನೆ, ಕಮರ್ಷಿಯಲ್ ಗಾಡಿಗೆ ನಿಜವಾದ ಏಳಕ್ಕೆ ಯಾರೂ ಸಾಲ ಕೊಡ್ತಿರ್ಲಿಲ್ಲ. ಆದ್ರೆ ಹನ್ನೆರಡೂವರೆ ಅಂತ ಬಾಯಿಬಿಟ್ಟು ಹೇಳಿದ್ದಿದ್ರೆ ಅಪ್ಪ ಇನ್ನೆರಡು ಕಡೆ ಕೇಳ್ತಿದ್ದ. ಎಂಟಾಣೆಗೆ ಸೊಪ್ಪಿನ ಕಟ್ಟು ವಾಪಸ್ ಇಡೋ ಮನುಷ್ಯ.

ಜೂನ್ 1ರಿಂದ ಜುಲೈ 31, ಅರವತ್ತೊಂದು ದಿನ ಬೋಟ್ ಕಡಲಿಗೆ ಇಳಿಯೋ ಹಾಗಿಲ್ಲ. ನಾಡದೋಣಿ ಮೀನಿಗೆ ಎಷ್ಟು ಗಾಡಿ ಬೇಕು? ಬಂದರು ನಿಲ್ತದೆ, ಕಂತು ನಿಲ್ಲೋದಿಲ್ಲ. ನಾಲ್ಕು ಮಳೆಗಾಲ ಅಮ್ಮನ ಎರಡು ಬಳೆ ಜೂನ್‌ನಲ್ಲಿ ಅಡ ಹೋಗಿ ಸೆಪ್ಟೆಂಬರ್‌ನಲ್ಲಿ ವಾಪಸ್ ಬಂತು. ಗಾಡಿಯ ಬೆಲೆಯಲ್ಲಿ ಆ ಬಳೆಯ ಬಡ್ಡಿಯನ್ನ ನಾವು ಯಾವತ್ತೂ ಸೇರಿಸಿರ್ಲಿಲ್ಲ.

ನಿಮಗೆ ಒಂದು ಅನುಕೂಲ ಉಂಟು, ಅಪ್ಪನಿಗೆ ಇರ್ಲಿಲ್ಲ. 2024ರ ಅಕ್ಟೋಬರ್ 1ರಿಂದ ಇಂಥಾ ಸಾಲ ಕೊಡೋ ಬ್ಯಾಂಕ್, ಫೈನಾನ್ಸ್ ಕಂಪನಿಗಳು ಸಹಿಗೆ ಮೊದಲೇ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಕೊಡ್ಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ. ಸಾಲ ತಗೊಳ್ಳೋರಿಗೆ ಅರ್ಥ ಆಗೋ ಭಾಷೆಯಲ್ಲೇ ಕೊಡ್ಬೇಕು. ಕನ್ನಡದಲ್ಲಿ ಕೇಳಿ, ನಾಚಿಕೆ ಬೇಡ. ಅದ್ರಲ್ಲಿ ಎಪಿಆರ್ ಅಂತ ಒಂದು ನಂಬರ್ ಇರ್ತದೆ, ಪ್ರೊಸೆಸಿಂಗ್ ಫೀ ಎಲ್ಲಾ ಸೇರಿಸಿ. ಎರಡು ಕಡೆಯ ಎಪಿಆರ್ ಪಕ್ಕ ಪಕ್ಕ ಇಟ್ಟು ನೋಡಿ. ಉಳಿದ ಮಾತೆಲ್ಲ ಆಮೇಲೆ.

5/6
ಇಷ್ಟೆಲ್ಲಾ ಇಳಿಸಿದ್ಮೇಲೂ ಬೆಲೆ ಸರಿಯಾ? ಇಲ್ಲಿ ನನಗೂ ನನ್ನ ಗೆಳೆಯನಿಗೂ ಸ್ವಲ್ಪ ಜಗಳ ಆಯ್ತು.

ಅವನ ಯೋಜನೆ: ಭಟ್ಕಳದಿಂದ ಮಲ್ಪೆಗೆ ಮೀನು, ತಿಂಗಳಿಗೆ ಇಪ್ಪತ್ತು ಟ್ರಿಪ್. ಸಾಲ 8,00,000, ನಾಲ್ಕು ವರ್ಷ, ಉಳಿದ ಸಾಲದ ಮೇಲೆ 11 ಪರ್ಸೆಂಟ್ ಅಂತ ಇಟ್ಕೊಳ್ಳಿ. ಕಂತು 20,676. ಆದ್ರೆ ದುಡಿಯೋದು ಹತ್ತೇ ತಿಂಗಳು, ಕಟ್ಟೋದು ಹನ್ನೆರಡು. ಹಾಗಾಗಿ ದುಡಿಯೋ ತಿಂಗಳಿಗೆ ಸುಮಾರು 24,800, ಟ್ರಿಪ್ಪಿಗೆ 1,240.

ಟ್ರಿಪ್ ಬಾಡಿಗೆ 4,000 ಅಂತ ಅವನೇ ಹೇಳಿದ. ಹೋಗಿ ಬರ್ಲಿಕ್ಕೆ ಡೀಸೆಲ್ 1,400. ಶಿರೂರು ಟೋಲ್, ಸಾಸ್ತಾನ ಟೋಲ್, ಇಳಿಸೋರಿಗೆ, ಚಾಗೆ ಸೇರಿ 500. ಅವನ ಸ್ವಂತ ಕೂಲಿ 700 (ಇದನ್ನ ಬರೆದಾಗ "ನನ್ನ ಗಾಡಿಗೆ ನನಗೆಂತ ಕೂಲಿ?" ಅಂದ. ಬೇರೆಯವ್ರ ಗಾಡಿ ಓಡಿಸಿದ್ರೆ ಸಿಗ್ತದೆ ತಾನೆ?). ಉಳಿದದ್ದು 1,400. ಅದ್ರಲ್ಲಿ ಕಂತು 1,240. ಬಾಕಿ 160.

ಆ 160ರಲ್ಲಿ ಟಯರ್, ಸರ್ವಿಸ್, ಎರಡನೇ ವರ್ಷದಿಂದ ಇನ್ಶೂರೆನ್ಸ್. ಇನ್ಶೂರೆನ್ಸ್ ಒಂದೇ 41,000, ಇನ್ನೂರು ಟ್ರಿಪ್ಪಿಗೆ ಭಾಗ ಮಾಡಿದ್ರೆ 205. ಟಯರ್ ಮುಟ್ಟೋ ಮೊದಲೇ ಕೈ ಖಾಲಿ.

ಇನ್ನೊಂದು ನೋಡಿ. ಶೋರೂಮಿನವ್ರು 40,000 ಇಳಿಸಿ ಸಾಲ ಅಷ್ಟು ಕಮ್ಮಿ ಆದ್ರೂ ಟ್ರಿಪ್ಪಿಗೆ ಉಳಿಯೋದು 62 ರೂಪಾಯಿ. ಹಾಗಾಗಿ ಈ ಗಾಡಿ ಅವನಿಗೆ ಹತ್ತು ನಲವತ್ತಕ್ಕೆ ಮಾತ್ರ ಅಲ್ಲ, ಹತ್ತಕ್ಕೂ ದುಬಾರಿ. ಇದನ್ನ ಯಾವ ಸೇಲ್ಸಿನವ್ರೂ ಹೇಳೋದಿಲ್ಲ, ಹೇಳೋದು ಅವ್ರ ಕೆಲಸವೂ ಅಲ್ಲ.

ಅವನು ಬುಕ್ ಮಾಡ್ತಿದ್ದದ್ದು 1.7 ಟನ್ನಿನ ಗಾಡಿ. ದಿನಾ ಎಷ್ಟು ಹಾಕ್ತೀಯ ಅಂದೆ. ಇಪ್ಪತ್ತೈದು ಕ್ರೇಟ್. ಐಸ್ ಸೇರಿ ಕ್ರೇಟಿಗೆ ನಲವತ್ತು ಕಿಲೋ ಅಂದ್ರೂ ಒಂದು ಟನ್. "ತಾರ್ಲೆ ಸೀಸನ್ನಿಗೆ ಬೇಕಾಗ್ತದೆ" ಅಂದ. ವರ್ಷಕ್ಕೆ ಹದಿನೈದು ದಿನದ ತಾರ್ಲೆಗೆ ವರ್ಷಪೂರ್ತಿ ದೊಡ್ಡ ಗಾಡಿಯ ಕಂತು! ಒಂದೂಕಾಲು ಟನ್ನಿನದ್ದು ಸಾಕು ಅನ್ನೋದು ನನ್ನ ವಾದ. ತೂಕ ಇಳಿದ್ರೆ ಡೀಸೆಲ್ಲೂ ಇಳೀತದೆ. ಗಾಡಿ ಮತ್ತು ಲೋಡ್ ಸೇರಿ ಒಟ್ಟು ತೂಕ 3,000 ಕಿಲೋ ದಾಟದಿದ್ರೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪ್ರಕಾರ ಪರ್ಮಿಟ್ಟೂ ಬೇಡ.

ಸಬ್ಸಿಡಿ ಉಂಟಲ್ಲ ಅಂತ ಕೇಳೋರಿಗೆ: 2020ರಲ್ಲಿ ಶುರುವಾದ ಮತ್ಸ್ಯ ಸಂಪದ ಯೋಜನೆಯಲ್ಲಿ ಇನ್ಸುಲೇಟೆಡ್ ಗಾಡಿಗೆ ಘಟಕ ವೆಚ್ಚ 20 ಲಕ್ಷ, ಸಹಾಯಧನ 40 ಪರ್ಸೆಂಟ್, ಮಹಿಳೆಯರಿಗೆ, ಎಸ್‌ಸಿ-ಎಸ್‌ಟಿಯವರಿಗೆ 60. ಮೀನುಗಾರಿಕೆ ಇಲಾಖೆ ಕಚೇರಿಗೆ ಹೋಗಿ ಕೇಳೋದ್ರಲ್ಲಿ ತಪ್ಪಿಲ್ಲ. ಆದ್ರೆ 20 ಲಕ್ಷ ಅನ್ನೋದು ಗರಿಷ್ಠ ಮಿತಿ, ಗಾಡಿಯ ಬೆಲೆ ಅಲ್ಲ. ಮಾರೋನಿಗೂ ಆ ಮಿತಿ ಗೊತ್ತಿರ್ತದೆ. ಹದಿನಾರಕ್ಕೆ ಮುಗಿಯೋ ಗಾಡಿ ಮತ್ತು ಬಾಡಿಗೆ ಇಪ್ಪತ್ತರ ಕೊಟೇಶನ್ ಬರೆಸ್ಕೊಂಡು "ಸಬ್ಸಿಡಿ ಸಿಕ್ತಲ್ಲ" ಅಂತ ಸಮಾಧಾನ ಮಾಡ್ಕೊಂಡ್ರೆ ಸಬ್ಸಿಡಿ ಹೋದದ್ದು ಯಾರಿಗೆ ಅಂತ ನೀವೇ ಲೆಕ್ಕ ಹಾಕಿ.

6/6
"ಅಷ್ಟು ಕೆದಕಿದ್ರೆ ನಾಳೆ ಸರ್ವಿಸಿಗೆ ಹೋದಾಗ ಮುಖ ಕೊಡೋದಿಲ್ಲ" ಅಂತ ನಮ್ಮ ಹಿರಿಯರು ಹೇಳ್ತಾರೆ. ಆ ಭಯ ಸುಳ್ಳಲ್ಲ, ಹತ್ತಿರ ಇರೋ ವರ್ಕ್‌ಶಾಪೇ ಕಮ್ಮಿ. ಆದ್ರೆ ಒಬ್ಬನೇ ಕೆದಕಿದಾಗ ಮಾತ್ರ ಅವನು ಕಿರಿಕಿರಿ ಗಿರಾಕಿ. ಹತ್ತು ಜನ ಒಂದೇ ಪ್ರಶ್ನೆ ಕೇಳಿದ್ರೆ ಅದು ರೂಢಿ ಆಗ್ತದೆ. ಹರಾಜಿನಲ್ಲಿ ರೇಟ್ ಕೂಗೋನ ಮೇಲೆ ಯಾರಾದ್ರೂ ಸಿಟ್ಟು ಮಾಡ್ತಾರಾ?

ಅದಕ್ಕೇ ಈ ಸರಣಿ. ಎರಡು ಮೂರು ವರ್ಷದೊಳಗೆ ಗೂಡ್ಸ್ ಗಾಡಿ ತಂದವ್ರು, ನಿಮ್ಮ ಮನೆಯವ್ರು ತಂದಿದ್ರೂ ಸರಿ, ಬಿಲ್ಲಿನ ಫೋಟೋ ನನಗೆ ಮೆಸೇಜ್ ಮಾಡಿ. ಹೆಸರು, ಫೋನ್, ಚಾಸಿ ನಂಬರ್ ಮುಚ್ಚಿ. ಶೋರೂಮಿನ ಹೆಸರೂ ಬೇಡ, ಜಗಳ ನಮ್ಮ ಉದ್ದೇಶ ಅಲ್ಲ. ಮಾಡೆಲ್, ತಿಂಗಳು, ಎಕ್ಸ್‌ಶೋರೂಂ, ಇನ್ಶೂರೆನ್ಸ್, ತೆರಿಗೆ ರಶೀದಿ, ಎಪಿಆರ್. ಇಷ್ಟೇ. ಭಟ್ಕಳ, ಹೊನ್ನಾವರ, ಕುಮಟಾ ಮೂರೂ ಕಡೆಯದ್ದು ಒಂದೇ ಪಟ್ಟಿ ಮಾಡಿ ಹೈಲೈಟ್ಸಿನಲ್ಲಿ ಇಡ್ತೇನೆ.

ಗೆಳೆಯ ಶುಕ್ರವಾರ ಟೋಕನ್ ಕೊಡ್ಲಿಲ್ಲ. ಶೋರೂಮಿನಿಂದ ಮೂರು ಸಲ ಫೋನ್ ಬಂದಿದೆ, "ಆಫರ್ ಮುಗೀತದೆ" ಅಂತ. ಅವನು ಸಣ್ಣ ಗಾಡಿಗೆ ಒಪ್ಪಿಲ್ಲ ಇನ್ನೂ. ಕುಂದಾಪುರದಲ್ಲೂ ಒಮ್ಮೆ ಕೇಳಿ ಬರ್ತೇನೆ ಅಂದಿದ್ದಾನೆ.

ಮುಂದಿನ ಫೋಟೋ ಸ್ವೈಪ್ ಮಾಡಿ. ಅದು ಅಪ್ಪನ 2019ರ ಸಾಲದ ಕಾಗದ. ಹಾಕ್ಲಾ ಅಂತ ಕೇಳಿದಾಗ ಅಪ್ಪ ಸುಮಾರು ಹೊತ್ತು ಮಾತಾಡ್ಲಿಲ್ಲ, ಗಾಡಿ ತೊಳೀತಾ ಇದ್ದ. ಆಮೇಲೆ, "ಹಾಕು. ಆ ಫ್ಲಾಟ್ ಅಂತ ಬರೆದದ್ದು ಕಾಣೋ ಹಾಗೆ ದೊಡ್ಡದು ಮಾಡಿ ಹಾಕು" ಅಂದ.