ಖಾಲಿ ಇಲ್ಲ ಎಂದರೆ ಸಾಲದು ಎಂದಲ್ಲ

ನಮ್ಮ ಲ್ಯಾಬಿನ ಕಂಪ್ಯೂಟರ್‌ಗಳನ್ನೆಲ್ಲ ಬದಲಿಸಿ ಕೊಡಿ ಎಂದು ಪ್ರಾಂಶುಪಾಲರಿಗೆ ಕೊಟ್ಟ ಮನವಿಗೆ ನಾನೂ ಸಹಿ ಹಾಕಿದ್ದೆ. 4 ಜಿಬಿ ರ‍್ಯಾಮ್‌ನಲ್ಲಿ 200 ಎಂಬಿಯೂ ಖಾಲಿ ಉಳಿದಿಲ್ಲ ಎಂಬುದೇ ನಾವು ಕೊಟ್ಟ ಕಾರಣ. ಆ ಕಾರಣ ತಪ್ಪು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಲ್ಯಾಬಿನಲ್ಲಿ ಇರುವುದು ಲಿನಕ್ಸ್. ಅದರ ಕರ್ನಲ್ ಇರುವ ರ‍್ಯಾಮನ್ನೆಲ್ಲ 4 ಕೆಬಿಯ ಪುಟಗಳಾಗಿ ಎಣಿಸಿಕೊಳ್ಳುತ್ತದೆ. 4 ಜಿಬಿ ಎಂದರೆ 10,48,576 ಪುಟಗಳು. ಯಾವ ಪುಟ ಯಾರ ಬಳಿ ಇದೆ ಎಂಬ ಲೆಕ್ಕವೆಲ್ಲ ಕರ್ನಲ್‌ನದು. ಯಾರೂ ಕೇಳದ ಪುಟಗಳನ್ನು ಅದು ಸುಮ್ಮನೆ ಬಿಡುವುದಿಲ್ಲ. ಡಿಸ್ಕಿನಿಂದ ಒಮ್ಮೆ ಓದಿದ ಫೈಲನ್ನು ಅಲ್ಲಿಯೇ ಇಟ್ಟುಕೊಳ್ಳುತ್ತದೆ. ಎರಡನೇ ಸಲ ಬೇಕಾದಾಗ ನಿಧಾನವಾದ ಡಿಸ್ಕಿನವರೆಗೆ ಹೋಗಬೇಕಿಲ್ಲ. ಇದಕ್ಕೆ ಪೇಜ್ ಕ್ಯಾಶ್ ಎಂದು ಹೆಸರು.

ಯಾವುದಾದರೂ ಪ್ರೋಗ್ರಾಂ ಜಾಗ ಕೇಳಿದರೆ? ಗ್ರಂಥಾಲಯದ ಮೇಜಿನ ತುಂಬ ಪುಸ್ತಕ ಹರಡಿಕೊಂಡವನು ಇನ್ನೊಬ್ಬ ಬಂದಾಗ ಸರಿಸಿ ಜಾಗ ಕೊಡುವಂತೆ, ಕರ್ನಲ್ ಆ ಪುಟಗಳನ್ನು ಬಿಟ್ಟುಕೊಡುತ್ತದೆ. ಫೈಲಿನ ಮೂಲ ಡಿಸ್ಕಿನಲ್ಲಿ ಹೇಗೂ ಇದೆ. ಬದಲಾವಣೆ ಆಗಿರುವ ಪುಟವಾದರೆ ಮೊದಲು ಡಿಸ್ಕಿಗೆ ಬರೆದು ಬಿಡುತ್ತದೆ, ಅಷ್ಟೇ. ಆದ್ದರಿಂದ ನೋಡಬೇಕಾದದ್ದು ‘ಫ್ರೀ’ ಎಂಬ ಅಂಕಣವನ್ನಲ್ಲ, ‘ಅವೈಲೆಬಲ್’ ಎಂಬುದನ್ನು. ಕೇಳಿದರೆ ಎಷ್ಟು ಸಿಗಬಹುದೆಂಬ ಈ ಅಂದಾಜನ್ನು 2014ರಿಂದ ಕರ್ನಲ್ಲೇ ಕೊಡುತ್ತಿದೆ.

ಮನವಿ ಕೊಟ್ಟ ಮೇಲೆ ನಾವು ಮೂವರು ಕೂತು ನೋಡಿದೆವು. ಪೈಥಾನ್ ಪ್ರೋಗ್ರಾಂ ಬರೆಯುವಾಗ ‘ಅವೈಲೆಬಲ್’ 2 ಜಿಬಿಗಿಂತ ಹೆಚ್ಚಿತ್ತು. ಪ್ರಾಜೆಕ್ಟಿಗೆಂದು ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್ ತೆರೆದ ದಿನ ಮಾತ್ರ 300 ಎಂಬಿಗೆ ಇಳಿಯಿತು. ಇದು ನಿಜವಾದ ಕೊರತೆ. ಬ್ರೌಸರ್ ತನ್ನ ಕೆಲಸಕ್ಕೆ ತುಂಬಿಕೊಂಡ ಪುಟಗಳಿಗೆ ಡಿಸ್ಕಿನಲ್ಲಿ ಮೂಲ ಇಲ್ಲ. ಅವನ್ನು ಸ್ವಾಪ್ ಜಾಗಕ್ಕೆ ಬರೆದೇ ತೆಗೆಯಬೇಕು. ಆಗ ಮೌಸ್ ಕೂಡ ನಿಂತು ನಿಂತು ಓಡುತ್ತದೆ. ಸ್ವಾಪ್ ಕೂಡ ತುಂಬಿದರೆ ಕರ್ನಲ್ ಒಂದು ಪ್ರೋಗ್ರಾಮನ್ನು ಆರಿಸಿ ಕೊಂದುಬಿಡುತ್ತದೆ. ಸೇವ್ ಮಾಡದ ಕೆಲಸ ಹೋದಂತೆಯೇ.

ಹಾಗಾದರೆ ನಮಗೆ ಬೇಕಾದದ್ದು ಪ್ರಾಜೆಕ್ಟಿಗೆ ಬಳಸುವ ಕೆಲವು ಕಂಪ್ಯೂಟರ್‌ಗಳಿಗೆ ಹೆಚ್ಚಿನ ರ‍್ಯಾಮ್. ಎಲ್ಲವನ್ನೂ ಬದಲಿಸುವ ಅಗತ್ಯ ಇಲ್ಲ.

“ಕಡಿಮೆ ಕೇಳಿದರೆ ಅದೂ ಸಿಗಲ್ಲ ಕಣೋ” ಎಂದು ಗೆಳೆಯರು ಹೇಳುತ್ತಾರೆ. ಇರಬಹುದು. ಆದರೆ ಆಡಳಿತ ಮಂಡಳಿಯವರು ಯಾರಾದರೂ ತಿಳಿದವರನ್ನು ಕರೆದು ಕೇಳಿದರೆ ನಮ್ಮ ಈಗಿನ ಕಾರಣ ಒಂದು ನಿಮಿಷವೂ ನಿಲ್ಲುವುದಿಲ್ಲ. ಆಮೇಲೆ ನಿಜವಾದ ಕೊರತೆ ಹೇಳಿದರೂ ನಂಬುವವರಿರುವುದಿಲ್ಲ.

ಅದಕ್ಕೇ ನನ್ನ ಸಲಹೆ: ಒಂದು ವಾರ ಪ್ರತಿ ಬ್ಯಾಚಿನವರೂ ‘ಅವೈಲೆಬಲ್’ ಮತ್ತು ಸ್ವಾಪ್ ಎಷ್ಟೆಂದು ಬರೆದಿಡೋಣ. ಆ ಪಟ್ಟಿಯೊಂದಿಗೆ ಹೊಸ ಮನವಿ ಕೊಡೋಣ. ಮೊದಲ ಸಹಿ ನನ್ನದೇ ಇರಲಿ.

— ದ್ವಿತೀಯ ಪಿಯುಸಿ ವಿದ್ಯಾರ್ಥಿ, ವಿಜ್ಞಾನ ವಿಭಾಗ