ಸೋಲೊಪ್ಪುವುದೆಲ್ಲ ತ್ಯಾಗವೇ?

ಅಂತರ್ಜಾಲದಲ್ಲಿ ಚದುರಂಗವಾಡುವ ತರುಣರು ನಮ್ಮ ಸಮಾಜದಲ್ಲಿ ಹೆಚ್ಚುತ್ತಿರುವುದು ಸಂತೋಷದ ಸಂಗತಿ. ಪಣವಿಲ್ಲದ ಆಟವಾದುದರಿಂದ ಇದು ಸಪ್ತವ್ಯಸನಗಳಲ್ಲಿ ಮೊದಲನೆಯದಾದ ದ್ಯೂತಕ್ಕೆ ಸೇರುವುದಿಲ್ಲ. ಹಣ ಕಟ್ಟಿ ಆಡುವ ಆಟಗಳ ಮಾತು ಬೇರೆ; ಅವನ್ನು ನಿಷೇಧಿಸುವ ಕಾಯಿದೆಯನ್ನು 2025ರ ಆಗಸ್ಟಿನಲ್ಲಿ ಸಂಸತ್ತೇ ಅಂಗೀಕರಿಸಿದೆ. ಆದರೆ ಆಡುವಾಗ ಸೋಲು ಕಣ್ಣಿಗೆ ಕಂಡರೆ ಏನು ಮಾಡಬೇಕೆಂಬ ವಿಷಯದಲ್ಲಿ ನಮ್ಮ ಮಕ್ಕಳಿಗೆ ಎರಡು ಉಪದೇಶಗಳು ದೊರೆಯುತ್ತಿವೆ. ಎಂದಿಗೂ ಸೋಲೊಪ್ಪಬೇಡ, ಸೋಲೊಪ್ಪಿ ಗೆದ್ದವರಿಲ್ಲ ಎಂಬುದು ತರಬೇತುದಾರರ ಉಪದೇಶ. ಮಂತ್ರಿ ಹೋದೊಡನೆ ಆಟ ಬಿಟ್ಟೇಳು, ಅದೇ ತ್ಯಾಗ, ಅದೇ ವೀತರಾಗಭಾವದ ಮೊದಲ ಪಾಠ ಎಂಬುದು ಕೆಲವು ಹಿರಿಯರ ಉಪದೇಶ. ಮೊದಲನೆಯದು ಅರ್ಧ ಸತ್ಯ. ಎರಡನೆಯದು ಧರ್ಮದ ಹೆಸರಿನಲ್ಲಿ ಬರುತ್ತಿರುವುದರಿಂದ ಹೆಚ್ಚು ಅಪಾಯಕಾರಿ. ಆದ್ದರಿಂದ ಅದನ್ನೇ ಮೊದಲು ಪರಿಶೀಲಿಸೋಣ.

ತನ್ನಲ್ಲಿ ಇರುವುದನ್ನು ಮಮಕಾರವಿಲ್ಲದೆ ಬಿಡುವುದು ತ್ಯಾಗ. ಕೈಜಾರಿ ಹೋದುದನ್ನು ಬಿಟ್ಟೆನೆಂದು ಹೇಳಿಕೊಳ್ಳುವುದು, ವಸೂಲಾಗದ ಬಾಕಿಯನ್ನು ದಾನದ ಖಾತೆಗೆ ಬರೆದಂತೆ. ಲೆಕ್ಕ ಬಲ್ಲವರು ಯಾರೂ ಅದನ್ನು ಒಪ್ಪಲಾರರು. ಹದಿನೈದನೆಯ ನಡೆಯಲ್ಲಿ ಅಜಾಗ್ರತೆಯಿಂದ ಆನೆಯನ್ನು ಕಳೆದುಕೊಂಡ ಹುಡುಗ ತಟ್ಟನೆ ಗುಂಡಿಯೊತ್ತಿ ಮತ್ತೊಂದು ಆಟ ಹೂಡುತ್ತಾನಲ್ಲ, ಅವನ ಮನಸ್ಸಿನಲ್ಲಿ ಆ ಕ್ಷಣ ಇರುವುದು ವೈರಾಗ್ಯವಲ್ಲ, ಮಾನಕಷಾಯ. ತನ್ನ ತಪ್ಪನ್ನು ಇನ್ನೊಬ್ಬನ ಕಣ್ಣೆದುರಿಗೆ ಇಪ್ಪತ್ತು ನಡೆಗಳವರೆಗೆ ಹೊತ್ತುಕೊಂಡಿರಲು ಅವನು ಸಿದ್ಧನಿಲ್ಲ. ಕರ್ಮದ ಫಲವನ್ನು ಸಮಭಾವದಿಂದ ಅನುಭವಿಸಬೇಕೆಂದು ಬೋಧಿಸುವ ನಾವೇ ಆ ಪಲಾಯನಕ್ಕೆ ತ್ಯಾಗವೆಂಬ ಹೆಸರಿಡುವುದು ಸರಿಯೇ?

ಇನ್ನೂ ಮುಂದೆ ಹೋಗಿ ಇದನ್ನು ಸಲ್ಲೇಖನಕ್ಕೆ ಹೋಲಿಸುವವರೂ ಇದ್ದಾರೆ. ಮರದ ಕಾಯಿಗಳ ಆಟವನ್ನು ಜೀವಿತದ ಅಂತಿಮ ಸಾಧನೆಯ ಪಕ್ಕದಲ್ಲಿಡುವುದೇ ಅನುಚಿತವೆಂದು ನನ್ನ ಭಾವನೆ. ಆದರೂ ಹೋಲಿಸಿಯೇ ತೀರುವೆವೆನ್ನುವವರು ಶಾಸ್ತ್ರವನ್ನು ಪೂರ್ತಿಯಾಗಿ ಓದಲಿ. ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವು ನಿಷ್ಪ್ರತೀಕಾರವಾದಾಗ, ಅಂದರೆ ಯಾವ ಪರಿಹಾರವೂ ಉಳಿಯದಿದ್ದಾಗ ಮಾತ್ರ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿದ್ದಾರೆ. ತತ್ತ್ವಾರ್ಥಸೂತ್ರವು ಆ ವ್ರತದ ಅತಿಚಾರಗಳನ್ನು ಎಣಿಸುವಾಗ ಬದುಕುವ ಆಸೆಯನ್ನು ಹೇಗೋ ಹಾಗೆಯೇ ಬೇಗ ಸಾಯುವ ಆಸೆಯನ್ನೂ ದೋಷವೆಂದೇ ಎಣಿಸುತ್ತದೆ. ಪರಿಹಾರ ಉಳಿದಿದೆಯೇ ಇಲ್ಲವೇ ಎಂದು ಮೊದಲು ನೋಡಬೇಕು. ಅವಸರವೂ ದೋಷ, ಅಂಟಿಕೊಳ್ಳುವುದೂ ದೋಷ. ಮಂತ್ರಿ ಹೋದೊಡನೆ ಎದ್ದುಹೋಗೆಂಬ ಉಪದೇಶಕ್ಕೆ ಇಲ್ಲಿ ಆಧಾರವೆಲ್ಲಿದೆ?

ಪರಿಹಾರ ಉಳಿದಿಲ್ಲವೆಂದು ತಿಳಿಯುವುದಾದರೂ ಸುಲಭವೇ? 1902ರಲ್ಲಿ ಮಾಂಟೆ ಕಾರ್ಲೋದಲ್ಲಿ ಜಾರ್ಜ್ ಮಾರ್ಕೊ ಎಂಬ ನುರಿತ ಆಟಗಾರ, ಫಾನ್ ಪೋಪಿಯೆಲ್‌ನೆದುರು ತನ್ನ ಒಂಟೆ ಕಟ್ಟಿಬಿದ್ದು ಹೋಗಿಯೇ ಹೋಯಿತೆಂದು ಸೋಲೊಪ್ಪಿದ. ಅದೇ ಒಂಟೆಯನ್ನು ಮೂಲೆಯ ಬಳಿಯ ಮನೆಗೆ ಸರಿಸಿದ್ದರೆ ಅವನೇ ಗೆಲ್ಲುತ್ತಿದ್ದ. 1997ರ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಗ್ಯಾರಿ ಕಾಸ್ಪರೋವ್ ಡೀಪ್ ಬ್ಲೂ ಯಂತ್ರದೆದುರು ಎರಡನೆಯ ಆಟವನ್ನು 45ನೆಯ ನಡೆಯಲ್ಲಿ ಬಿಟ್ಟುಕೊಟ್ಟರು. ನಿರಂತರವಾಗಿ ಶಹ ಕೊಟ್ಟು ಸಮ ಮಾಡಿಕೊಳ್ಳುವ ದಾರಿ ಅಲ್ಲಿತ್ತೆಂದು ವಿಶ್ಲೇಷಕರು ಮರುದಿನವೇ ತೋರಿಸಿದರು. ಜಗತ್ತಿನ ಚಾಂಪಿಯನ್ನನಿಗೇ ಹೀಗಾದ ಮೇಲೆ ನಮ್ಮ ಪಾಠಶಾಲೆಯ ಬಾಲಕನು ಆನೆಯೊಂದು ಹೋಯಿತೆಂದು ಆಟ ಮುಗಿಯಿತೆಂದು ತೀರ್ಮಾನಿಸುವುದು ಅವಸರವಲ್ಲದೆ ಮತ್ತೇನು?

ಇಲ್ಲಿ ನಯವಿಚಾರ ನಮಗೆ ನೆರವಾಗುತ್ತದೆ. ಇಂದು ಯಾವುದೇ ಗಣಕವು ಒಂದು ಸ್ಥಿತಿಯನ್ನು ನೋಡಿ ಇದು ಸೋತಿದೆಯೆಂದು ಅಂಕಿಯಲ್ಲಿ ಹೇಳಬಲ್ಲುದು. ಅದನ್ನು ನಿಶ್ಚಯನಯದ ಮಾತೆಂದು ಇಟ್ಟುಕೊಳ್ಳೋಣ. ಆದರೆ ಆಟ ನಡೆಯುವುದು ವ್ಯವಹಾರದಲ್ಲಿ, ಇಬ್ಬರು ತಪ್ಪು ಮಾಡಬಲ್ಲ ಮನುಷ್ಯರ ನಡುವೆ. ಮಂತ್ರಿಯೊಂದಿಗೆ ಒಂಟಿ ರಾಜನನ್ನು ಅಟ್ಟುವ ಹೊಸಬ, ಶಹವಿಲ್ಲದೆಯೂ ನಡೆಯಿಲ್ಲದಂತೆ ಅವನನ್ನು ಕಟ್ಟಿಹಾಕಿ ಸ್ಟೇಲ್‌ಮೇಟ್ ಮಾಡಿ ಅರ್ಧ ಅಂಕ ಕಳೆದುಕೊಳ್ಳುವುದು ನಿತ್ಯದ ಸಂಗತಿ. ಒಂದೇ ಸ್ಥಿತಿ ಗ್ರ್ಯಾಂಡ್‌ಮಾಸ್ಟರನಿಗೆ ಸೋತಿದೆ, ಹೊಸಬನಿಗೆ ಇನ್ನೂ ಸೋತಿಲ್ಲ. ಸ್ಯಾದ್ವಾದವನ್ನು ಕಂಠಪಾಠ ಮಾಡಿಸುವವರು ಇದನ್ನೂ ಮಕ್ಕಳಿಗೆ ಹೇಳಬಾರದೇ?

ಹಾಗಾದರೆ ಸೋಲೊಪ್ಪುವುದು ಯಾವಾಗ? ಎದುರಾಳಿ ಹೇಗೆ ಗೆಲ್ಲುವನೆಂಬ ದಾರಿ ನನಗೆ ಸ್ಪಷ್ಟವಾಗಿ ತಿಳಿದಿರಬೇಕು. ಆ ದಾರಿ ಅವನಿಗೂ ತಿಳಿದಿದೆಯೆಂದು ಅವನ ನಡೆಗಳಿಂದಲೇ ನನಗೆ ಮನವರಿಕೆಯಾಗಿರಬೇಕು. ಅದನ್ನು ನಡೆಸಲು ಅವನ ಗಡಿಯಾರದಲ್ಲಿ ಹೊತ್ತಿರಬೇಕು. ಇವು ಕೂಡಿದಾಗ ಇನ್ನೂ ಕಾಯಿ ಸರಿಸುತ್ತ ಕೂರುವುದಕ್ಕೆ ಅರ್ಥವಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ವಿಶ್ವ ಚಾಂಪಿಯನ್‌ಷಿಪ್ಪಿನ ಕೊನೆಯ ಆಟದಲ್ಲಿ ಡಿಂಗ್ ಲಿರೆನ್ 55ನೆಯ ನಡೆಯಲ್ಲಿ ಆನೆಯನ್ನು ತಪ್ಪಾಗಿ ಇಟ್ಟರು. ಆನೆ ಒಂಟೆಗಳೆರಡೂ ಬದಲಾಗಿ ರಾಜ ಮತ್ತು ಕಾಲಾಳುಗಳಷ್ಟೇ ಉಳಿದಾಗ, ಕಿರೀಟವೇ ಹೋಗುತ್ತಿದ್ದರೂ, 58ನೆಯ ನಡೆಗೆ ಗುಕೇಶನಿಗೆ ಸೋಲೊಪ್ಪಿದರು. ಅಲ್ಲಿಯವರೆಗೆ ಹೋರಾಟ, ಅಲ್ಲಿಂದಾಚೆಗೆ ಹಟವಿಲ್ಲ. ಇಂಥದನ್ನು ಮಕ್ಕಳಿಗೆ ತೋರಿಸಬೇಕು.

ಇನ್ನು ಎಂದಿಗೂ ಸೋಲೊಪ್ಪಬೇಡವೆನ್ನುವವರ ವಿಷಯ. ಕಲಿಯುವ ಮಗುವಿಗೆ ಇದು ಒಳ್ಳೆಯ ಮಾತೇ, ಕೊನೆಯಾಟವನ್ನು ಕಲಿಯಲು ಬೇರೆ ದಾರಿಯಿಲ್ಲ. ಆದರೆ ಪರದೆಯ ಮುಂದೆ ಈ ಮಾತು ಹೇಗೆ ಕೆಡುತ್ತದೆಂಬುದನ್ನು ತರಬೇತುದಾರರು ನೋಡಿದಂತಿಲ್ಲ. ಹತ್ತು ಹತ್ತು ನಿಮಿಷಗಳ ಆಟ. ಸೋಲು ನಿಶ್ಚಿತವಾದಾಗ ನನ್ನ ಗಡಿಯಾರದಲ್ಲಿ ಏಳು ನಿಮಿಷ ಉಳಿದಿದೆ. ನಾನು ಸೋಲೊಪ್ಪುವುದೂ ಇಲ್ಲ, ನಡೆ ಇಡುವುದೂ ಇಲ್ಲ. ಎದ್ದುಹೋಗಿ ಚಹಾ ಕುಡಿಯುತ್ತೇನೆ. ಎದುರಾಳಿ ಕಾಯಬೇಕು. ಹೊತ್ತು ಮುಗಿದಾಗ ನಾನೇ ಸೋಲುವೆನಾದ್ದರಿಂದ ನನಗೆ ಲಾಭವಿಲ್ಲ. ಉಳಿಯುವ ಒಂದೇ ಆಸೆಯೆಂದರೆ ಅವನು ಬೇಸತ್ತು ಹೋಗಲಿ, ಅವನ ಸಂಪರ್ಕ ಕಡಿಯಲಿ ಎಂಬುದು. ಪರರಿಗೆ ಕೇಡನ್ನು ಚಿಂತಿಸುವುದಕ್ಕೆ ಅಪಧ್ಯಾನವೆಂದು ಹೆಸರು, ಅದು ಅನರ್ಥದಂಡದ ಐದು ಬಗೆಗಳಲ್ಲಿ ಒಂದು. ಅಷ್ಟೇ ಅಲ್ಲ, ಆ ಏಳು ನಿಮಿಷಗಳು ಅವನವು. ಅವನು ಕೊಡದೆ ನಾನು ತೆಗೆದುಕೊಂಡೆ. ಸಾಮಾಯಿಕಕ್ಕೆ ನಾವು ಎಣಿಸುವ 48 ನಿಮಿಷಗಳ ಮುಹೂರ್ತದಲ್ಲಿ ಅದು ಸುಮಾರು ಏಳನೆಯ ಒಂದು ಪಾಲು. ಇನ್ನೊಬ್ಬರ ತಕ್ಕಡಿಯಲ್ಲಿ ಒಂದು ಕಾಳು ಕಡಿಮೆ ತೂಗಿದರೆ ಅಚೌರ್ಯಾಣುವ್ರತಕ್ಕೆ ಭಂಗವೆನ್ನುವ ಸಮಾಜ, ಹೊತ್ತನ್ನು ಕದ್ದರೆ ಕಳ್ಳತನವಲ್ಲವೆಂದು ಹೇಗೆ ಹೇಳೀತು? ಪ್ರಮುಖ ತಾಣಗಳೆಲ್ಲ ಇದನ್ನು ದುರ್ನಡತೆಯೆಂದು ಎಣಿಸಿ ನಿರ್ಬಂಧ ಹೇರುತ್ತವೆ. ಧರ್ಮದ ಸೋಂಕಿಲ್ಲದ ಯಂತ್ರಕ್ಕೆ ತಿಳಿದುದು ನಮಗೆ ತಿಳಿಯದೆ ಹೋಗಬಾರದು.

ಒಂದು ಆಕ್ಷೇಪವಿದೆ. ಎದುರಾಳಿಗೆ ಐದು ಸೆಕೆಂಡು ಮಾತ್ರ ಉಳಿದಿದ್ದಾಗ, ಸೋತ ಸ್ಥಿತಿಯಲ್ಲಿದ್ದರೂ ಬೇಗಬೇಗ ನಡೆಯಿಟ್ಟು ಅವನ ಹೊತ್ತು ಮುಗಿಯುವಂತೆ ಮಾಡುವುದು ಮಾಯಾಕಷಾಯವಲ್ಲವೇ ಎಂದು ಕೇಳುವರು. ಅಲ್ಲವೆಂದೇ ನನ್ನ ಉತ್ತರ. ಇಂತಿಷ್ಟು ಹೊತ್ತಿನೊಳಗೆ ಆಡುವೆವೆಂದು ಇಬ್ಬರೂ ಮೊದಲೇ ಕರಾರು ಮಾಡಿಕೊಂಡಿದ್ದಾರೆ. ಅವನು ತನ್ನ ಹೊತ್ತನ್ನು ಖರ್ಚು ಮಾಡಿಯೇ ಒಳ್ಳೆಯ ಸ್ಥಿತಿಯನ್ನು ಕೊಂಡಿದ್ದಾನೆ. ಬೆಲೆ ಕೊಟ್ಟಾದ ಮೇಲೆ ಬೆಲೆ ಹೆಚ್ಚಾಯಿತೆಂದು ದೂರುವಂತಿಲ್ಲ. ಕರಾರಿನೊಳಗೆ ಬಿರುಸಾಗಿ ಆಡುವುದು ಬೇರೆ, ಆಡದೆ ಕುಳಿತು ಕಾಯಿಸುವುದು ಬೇರೆ. ವ್ಯಾಪಾರ ಮಾಡುವವರಿಗೆ ಈ ಭೇದವನ್ನು ವಿವರಿಸಬೇಕಾಗಿಲ್ಲ.

ಬೇಕೆಂದೇ ಸೋಲೊಪ್ಪಿ ರೇಟಿಂಗ್ ಇಳಿಸಿಕೊಂಡು ಕೆಳಗಿನ ವರ್ಗದ ಬಹುಮಾನಕ್ಕೆ ನುಗ್ಗುವವರದು ನಿಜವಾದ ಮಾಯಾಕಷಾಯ. ಸೋಲೊಪ್ಪುವುದನ್ನು ಆಪಾದನೆಯ ಭಾಷೆಯಾಗಿ ಬಳಸುವುದನ್ನೂ ನಾನು ಒಪ್ಪಲಾರೆ. 2022ರ ಸೆಪ್ಟೆಂಬರಿನಲ್ಲಿ ಅಂತರ್ಜಾಲದ ಟೂರ್ನಿಯೊಂದರಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್, ಹಾನ್ಸ್ ನೀಮನ್ ಎದುರು ಒಂದೇ ನಡೆಯಿಟ್ಟು ಆಟ ಬಿಟ್ಟುಕೊಟ್ಟರು. ಕಾರಣವೇನಿದ್ದರೂ ಬಾಯಿಬಿಟ್ಟು ಹೇಳದೆ ಜಗತ್ತು ಊಹಿಸಲೆಂದು ಬಿಟ್ಟಂತಾಯಿತು. ಜೊತೆಗೆ ಆಡದೆಯೇ ಹೋದ ಆ ಅಂಕಗಳು, ಅದೇ ಟೂರ್ನಿಯಲ್ಲಿ ಬೆವರು ಸುರಿಸಿ ಆಡುತ್ತಿದ್ದ ಉಳಿದವರ ಲೆಕ್ಕವನ್ನೂ ಕದಲಿಸಿದವು. ಸೋಲೊಪ್ಪುವುದರಲ್ಲಿಯೂ ಮೂರನೆಯವರ ಹಿತವಿದೆಯೆಂಬುದನ್ನು ಇದರಿಂದ ತಿಳಿಯಬೇಕು.

ಯಂತ್ರದೊಡನೆ ಆಡುವಾಗ ಇವಾವುವೂ ಅನ್ವಯಿಸುವುದಿಲ್ಲ. ಅದು ಅಜೀವ, ಅದರ ಹೊತ್ತು ಯಾರದೂ ಅಲ್ಲ. ಕೊನೆಯ ಕಾಲಾಳಿನವರೆಗೆ ಆಡಿ ಕಲಿಯಲಿ. ಪರದೆಯಾಚೆ ಜೀವವೊಂದು ಕುಳಿತಿದ್ದರೆ ಮಾತ್ರ ಮೇಲಿನ ವಿಚಾರ. ಆ ಜೀವವೇ ನಮ್ಮನ್ನು ಏಳು ನಿಮಿಷ ಕಾಯಿಸಿತೆನ್ನಿ. ಆಗ ಸಂದೇಶದ ಪೆಟ್ಟಿಗೆಯಲ್ಲಿ ಬೈಗುಳ ಬರೆಯುವ ನಮ್ಮ ಹುಡುಗರನ್ನು ತಂದೆತಾಯಿಗಳು ತಡೆಯಬೇಕು. ದೂರು ಕೊಡುವ ಗುಂಡಿ ತಾಣದಲ್ಲಿಯೇ ಇದೆ, ಅದನ್ನು ಒತ್ತಿದರೆ ಸಾಕು. ಗಡಿಯಾರ ಮುಗಿಯುವವರೆಗೆ ಪಕ್ಕದಲ್ಲಿ ಪುಸ್ತಕವೊಂದನ್ನು ತೆರೆದಿಟ್ಟುಕೊಳ್ಳಲಿ.