ಲಾರಿ ನನ್ನದು, ಅದರ ತಲೆ ಯಾರದು?

ಮೀನಿನ ಲಾರಿ ದಾರಿ ಮಧ್ಯೆ ನಿಂತರೆ ಏನಾಗುತ್ತದೆ ಅಂತ ಕರಾವಳಿಯವರಿಗೆ ಹೇಳಬೇಕಾಗಿಲ್ಲ. ಗಂಗೊಳ್ಳಿ ಬಂದರಿನಲ್ಲಿ ಬಂಗುಡೆ ತುಂಬಿಸಿಕೊಂಡು ಮಂಗಳೂರಿಗೆ ಹೊರಟ ನಮ್ಮ ಲಾರಿ ಬ್ರಹ್ಮಾವರದ ಹತ್ತಿರ ಹೆದ್ದಾರಿ ಬದಿಯಲ್ಲಿ ಗಪ್ಪೆಂದು ನಿಂತುಬಿಟ್ಟಿತು. ಹೊಗೆಯಿಲ್ಲ, ಸದ್ದಿಲ್ಲ. ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಯಿತು. ಮುಂದಿನ ವಾರ ಮತ್ತದೇ ಕತೆ. ಮೂರನೇ ಸಲ ಮೀನನ್ನು ಬೇರೆ ಲಾರಿಗೆ ದಾಟಿಸುವಷ್ಟರಲ್ಲಿ ಐಸೆಲ್ಲ ನೀರು.

2017ರ ಬಿಎಸ್-4 ಲಾರಿ. ವಾರಂಟಿ ಯಾವಾಗಲೋ ಮುಗಿದಿದೆ. ಮರವಂತೆಯ ಉಪ್ಪುಗಾಳಿ, ಒಳಗೆ ಮೀನಿನ ನೀರು... ನಮ್ಮ ಕಡೆ ಲಾರಿಗೆ ವರ್ಷಕ್ಕೆ ಎರಡು ವರ್ಷದ ವಯಸ್ಸಾಗುತ್ತದೆ. ಅಧಿಕೃತ ವರ್ಕ್‌ಶಾಪಿಗೆ ಒಯ್ದರೆ, ಸ್ಕ್ಯಾನರ್ ಹಾಕಿ ಹತ್ತೇ ನಿಮಿಷದಲ್ಲಿ ತೀರ್ಪು ಕೊಟ್ಟರು: "ಇಸಿಎಂ ಹೋಗಿದೆ ಸರ್, ಹೊಸದು ಹಾಕಬೇಕು." ಅವರು ಹೇಳಿದ ಮೊತ್ತ, ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲ್ ಬೋಟುಗಳು ಕಡಲಿಗಿಳಿಯದ ಎರಡು ತಿಂಗಳು ಮನೆ ನಡೆಸಲು ನಾವು ತೆಗೆದಿಡುವ ದುಡ್ಡು!

ನನ್ನ ಜಗಳ ಆ ಮೊತ್ತದ ಬಗ್ಗೆ ಅಲ್ಲ. ಸಾಮಾನಿಗೆ ಬೆಲೆ ಇದ್ದೇ ಇರುತ್ತದೆ. ಜಗಳ ಬೇರೆಯದು, ಸ್ವಲ್ಪ ತಾಳ್ಮೆಯಿಂದ ಓದಿ.

ಇಸಿಎಂ ಅಂದರೆ ಇಂಜಿನ್ನಿನ ಕಂಪ್ಯೂಟರ್. ಕ್ರ್ಯಾಂಕ್ ಎಲ್ಲಿ ತಿರುಗುತ್ತಿದೆ, ರೈಲಿನಲ್ಲಿ ಡೀಸೆಲ್ ಒತ್ತಡ ಎಷ್ಟು, ಡ್ರೈವರ್ ಆಕ್ಸಿಲರೇಟರ್ ಎಷ್ಟು ತುಳಿದ ಅಂತ ಸೆನ್ಸರುಗಳಿಂದ ಕೇಳಿಕೊಂಡು, ಯಾವ ಇಂಜೆಕ್ಟರ್ ಯಾವ ಕ್ಷಣದಲ್ಲಿ ಎಷ್ಟು ಹೊತ್ತು ತೆರೆಯಬೇಕು ಅಂತ ಹೇಳುವ ಡಬ್ಬಿ. ಹಳೇ ಪಂಪಿನ ಲಾರಿಗಳಲ್ಲಿ ಈ ಲೆಕ್ಕ ಕಬ್ಬಿಣ ಮತ್ತು ಸ್ಪ್ರಿಂಗಿನಲ್ಲಿ ಇತ್ತು. ಕುಂದಾಪುರದ ಪಂಪ್ ಮೇಸ್ತ್ರಿಗಳಿಗೆ ಅದು ಅಂಗೈ ಮೇಲಿನ ಗೆರೆ. ಈಗ ಅದು ಸಾಫ್ಟ್‌ವೇರಿನಲ್ಲಿದೆ, ಸಾಫ್ಟ್‌ವೇರ್ ಬೀಗದೊಳಗಿದೆ.

ಬೈಂದೂರಿನಲ್ಲಿ ನನಗೆ ಗೊತ್ತಿರುವ ಒಬ್ಬ ಹಿರಿಯ ಎಲೆಕ್ಟ್ರಿಷಿಯನ್ ಇದ್ದಾರೆ. ಅವರ ಹತ್ತಿರ ಹೋಗಿ ತೀರ್ಪು ಹೇಳಿದೆ. ನಕ್ಕರು. "ಹ್ವಾಯ್, ಇಸಿಎಂ ಹೋಯ್ತ್ ಅಂದ್ ಹೇಳುಕೆ ಎಂತ ಬುದ್ಧಿ ಬೇಡ. ಮೊದ್ಲ್ ಅರ್ತ್ ಕಾಂಬ."

ಅವರು ಮಾಡಿದ್ದನ್ನು ಬರೆಯುತ್ತೇನೆ, ಯಾರಿಗಾದರೂ ಉಪಯೋಗ ಆದೀತು. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಸಿಎಂನ ಅರ್ತ್ ಪಿನ್ನಿಗೆ ಇಟ್ಟು ಸೆಲ್ಫ್ ಹೊಡೆಸಿದರು. ಅಲ್ಲಿ ವೋಲ್ಟೇಜ್ ಏರಿದರೆ ಅರ್ತ್ ಸರಿಯಿಲ್ಲ ಅಂತ ಅರ್ಥ. ನಮ್ಮದರಲ್ಲಿ ಏರಿತು, ಚಾಸಿಗೆ ಬಿಗಿದ ಅರ್ತ್ ಪಟ್ಟಿ ಅರ್ಧ ತುಕ್ಕು. ಅದನ್ನು ಬದಲಿಸಿದರು. ಕಪ್ಲರ್ ಬಿಚ್ಚಿ ಹಸಿರು ಹಿಡಿದ ಪಿನ್ನುಗಳನ್ನು ಒರೆಸಿದರು. ಸೆನ್ಸರುಗಳಿಗೆ ಹೋಗುವ 5 ವೋಲ್ಟ್ ಸರಿ ಇದೆಯಾ ನೋಡಿದರು. ಆ ಲೈನಿನಲ್ಲಿ ಒಂದು ಸೆನ್ಸರ್ ಶಾರ್ಟ್ ಆದರೂ ನಾಲ್ಕು ಸೆನ್ಸರಿನ ದೂರು ಒಟ್ಟಿಗೇ ಬರುತ್ತದೆ, ತಪ್ಪು ಇಸಿಎಂ ತಲೆಗೆ ಕಟ್ಟುತ್ತದೆ. ಇಷ್ಟಕ್ಕೇ ಸರಿಹೋಗುವ ಲಾರಿಗಳನ್ನು ಅವರು ಬೇಕಾದಷ್ಟು ಕಂಡಿದ್ದಾರಂತೆ.

ನಮ್ಮದು ಸರಿಹೋಗಲಿಲ್ಲ. ಬಿಸಿಯಾದೊಡನೆ ಮತ್ತೆ ನಿಂತಿತು. ಇಸಿಎಂ ನಿಜಕ್ಕೂ ಕೆಟ್ಟಿತ್ತು. ಇದರಲ್ಲಿ ನನ್ನ ತಪ್ಪೂ ಇರಬಹುದು. ತುಕ್ಕು ಹಿಡಿದ ಬಾಡಿಗೆ ಕಳೆದ ಮಳೆಗಾಲದಲ್ಲಿ ವೆಲ್ಡಿಂಗ್ ಮಾಡಿಸುವಾಗ ಬ್ಯಾಟರಿ ಬಿಚ್ಚಿರಲಿಲ್ಲ, ಇಸಿಎಂ ಕಪ್ಲರೂ ಬಿಚ್ಚಿರಲಿಲ್ಲ. ವೆಲ್ಡಿಂಗಿನ ಕರೆಂಟ್ ಹಾದಿ ತಪ್ಪಿ ಡಬ್ಬಿಯೊಳಗೆ ನುಗ್ಗಿದರೆ ಅದರ ಕತೆ ಮುಗಿದ ಹಾಗೆ. ನೀವು ಈ ತಪ್ಪು ಮಾಡಬೇಡಿ.

ಹುಡುಕಿ ಹುಡುಕಿ ಗುಜರಿಗೆ ಬಿದ್ದ ಅದೇ ಮಾಡೆಲ್ ಲಾರಿಯೊಂದರ ಇಸಿಎಂ ತಂದೆವು. ಪಾರ್ಟ್ ನಂಬರ್ ಅದೇ, ಕಪ್ಲರ್ ಅದೇ, ಬೋಲ್ಟಿನ ತೂತೂ ಅದೇ. ಕೂರಿಸಿ ಕೀ ತಿರುಗಿಸಿದರೆ ಇಂಜಿನ್ ತಿರುಗುತ್ತದೆ, ಹತ್ತುವುದಿಲ್ಲ.

"ಸಾಮಾನ್ ಸರಿ ಇತ್ತ್ ಮಾರಾಯ್ರೆ. ಆರೆ ಅದಕ್ಕೆ ನಿಮ್ ಲಾರಿ ಗುರ್ತ ಇಲ್ಲೆ" ಅಂದರು.

ಅಷ್ಟೇ ವಿಷಯ. ಡಬ್ಬಿಯೊಳಗೆ ಆ ಹಳೇ ಲಾರಿಯ ಚಾಸಿ ನಂಬರ್, ಅದರ ಕೀಯ ಗುರುತು, ಅದರ ಇಂಜೆಕ್ಟರುಗಳ ಕೋಡು ಇದೆ. ನಮ್ಮ ಲಾರಿಯದನ್ನು ಹಾಕಿದರೆ ಕೆಲಸ ಮುಗಿಯಿತು. ವರ್ಕ್‌ಶಾಪಿಗೆ ಹೋಗಿ, "ಪ್ರೋಗ್ರಾಂ ಹಾಕಿಕೊಡಿ, ಚಾರ್ಜು ಎಷ್ಟಾದರೂ ಕೊಡುತ್ತೇನೆ" ಅಂದೆ. "ಸೆಕೆಂಡ್ ಹ್ಯಾಂಡ್‌ಗೆ ಹಾಕೋದಿಲ್ಲ ಸರ್, ಪಾಲಿಸಿ" ಅಂದರು. ನಮ್ಮ ಎಲೆಕ್ಟ್ರಿಷಿಯನ್ನರಿಗೆ ಆ ಸಾಫ್ಟ್‌ವೇರ್ ಮಾರುತ್ತೀರಾ ಅಂದರೆ ಅದೂ ಇಲ್ಲ.

ಕೊನೆಗೆ ಯಾರೋ ಒಬ್ಬರ ನಂಬರ್ ಸಿಕ್ಕಿತು. ರಾತ್ರಿ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ನಮ್ಮ ಹಳೇ ಡಬ್ಬಿಯ ಮಾಹಿತಿಯನ್ನೆಲ್ಲ ಓದಿ ಗುಜರಿ ಡಬ್ಬಿಗೆ ತುಂಬಿದ. ಲಾರಿ ಹತ್ತಿತು. ಹೋಗುವಾಗ, "ಯೂರಿಯಾ ಸಿಸ್ಟಂ ಬಂದ್ ಮಾಡಿಕೊಡಲಾ? ಖರ್ಚು ಉಳಿಯುತ್ತೆ" ಅಂತ ಕೇಳಿದ. ಬೇಡ ಅಂದೆ. ನಿಜ ಹೇಳಬೇಕೆಂದರೆ, ಒಂದು ಕ್ಷಣ ತಡೆದೇ ಬೇಡ ಅಂದೆ.

ಕಂತು ಕಟ್ಟಿ ಮುಗಿಸಿದ, ಆರ್‌ಸಿಯಲ್ಲಿ ನನ್ನ ಹೆಸರಿರುವ ಲಾರಿಯನ್ನು ನಾನು ರಾತ್ರಿ ಹೊತ್ತು ಕಳ್ಳನ ಹಾಗೆ ರಿಪೇರಿ ಮಾಡಿಸಿಕೊಂಡೆ. ಇದು ನನ್ನ ಜಗಳ.

ಕಂಪನಿ ಪರವಾಗಿ ಮಾತಾಡುವವರು ಎರಡು ಮಾತು ಹೇಳುತ್ತಾರೆ. ಒಂದು, ಬೀಗ ತೆಗೆದರೆ ಕಳ್ಳತನ ಹೆಚ್ಚುತ್ತದೆ. ಸರಿ, ಆರ್‌ಸಿ ನೋಡಿ, ಗ್ಯಾರೇಜಿನವರ ಹೆಸರು ನೋಂದಾಯಿಸಿಕೊಂಡು ಕೊಡಿ. ಯಾರಿಗೆ ಕೊಟ್ಟಿರಿ ಅನ್ನುವ ದಾಖಲೆ ಇರುತ್ತದೆ. ಎರಡು, ಮೆಕ್ಯಾನಿಕ್‌ಗಳು ಹೊಗೆ ನಿಯಂತ್ರಣವನ್ನೇ ಕಿತ್ತುಹಾಕುತ್ತಾರೆ. ಇದು ಸುಳ್ಳಲ್ಲ, ಈಗಷ್ಟೇ ನಾನೇ ಬರೆದೆ. ಆದರೆ ಆ ಲ್ಯಾಪ್‌ಟಾಪಿನವನ ಬಾಗಿಲಿಗೆ ನನ್ನನ್ನು ಕಳಿಸಿದ್ದು ಯಾರು? ನೆಟ್ಟಗಿನ ಬಾಗಿಲು ಮುಚ್ಚಿದ್ದಕ್ಕೇ ಅಲ್ಲವಾ ಹಿತ್ತಿಲ ಬಾಗಿಲಿಗೆ ಹೋದದ್ದು? ಬೀಗ ಅವನನ್ನು ತಡೆಯಲಿಲ್ಲ. ತಡೆದದ್ದು ಬೈಂದೂರಿನ ಪ್ರಾಮಾಣಿಕ ಎಲೆಕ್ಟ್ರಿಷಿಯನ್ನರನ್ನು ಮಾತ್ರ.

ಇದು ನನ್ನೊಬ್ಬನ ಗೋಳೂ ಅಲ್ಲ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು ಎರಡೂವರೆ ಸಾವಿರ ಕೋಟಿ ರೂಪಾಯಿಗೂ ಮಿಕ್ಕಿ ದಂಡ ಹಾಕಿತು. ಬಿಡಿಭಾಗ ಮತ್ತು ತಪಾಸಣಾ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೂ ಸಿಗುವಂತೆ ಮಾಡಿ ಅಂತ ಆದೇಶಿಸಿತು. ಕಂಪನಿಗಳು ಮೇಲ್ಮನವಿ, ಕೋರ್ಟು ಅಂತ ಹೋದವು. ಅದು ಕಾರಿನ ಮಾತು, ಆದರೆ ನ್ಯಾಯ ಲಾರಿಗೆ ಬೇರೆ ಇರುತ್ತದಾ? 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿ ಹಕ್ಕಿಗಾಗಿ ಸಮಿತಿ ಮಾಡಿ, ಡಿಸೆಂಬರಿನಲ್ಲಿ ಪೋರ್ಟಲ್ ತೆರೆಯಿತು. ವಾಹನಗಳೂ ಅದರ ಪಟ್ಟಿಯಲ್ಲಿವೆ. ಒಳ್ಳೆಯದೇ. ಆದರೆ ಪೋರ್ಟಲ್ ಅಂದರೆ ಬೋರ್ಡು, ಬೀಗದ ಕೈ ಅಲ್ಲ. ಯುರೋಪಿನಲ್ಲಿ ಭಾರೀ ವಾಹನಗಳಿಗೆ ಯುರೋ-6 ತಂದ 2009ರ ಕಾನೂನೇ, ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕೊಡಬೇಕು ಅಂದಿತ್ತು. ನಮ್ಮಲ್ಲಿ ದೇಶಕ್ಕೆಲ್ಲ ಬಿಎಸ್-4 ಬಂದದ್ದು 2017ರಲ್ಲಿ, ಬಿಎಸ್-6 ಬಂದದ್ದು 2020ರಲ್ಲಿ. ಹೊಗೆಯ ನಿಯಮ ಬೈಂದೂರಿನ ಗ್ಯಾರೇಜಿಗೂ ಬಂತು, ಮಾಹಿತಿ ಮಾತ್ರ ಬರಲಿಲ್ಲ.

ಓದುತ್ತಿರುವ ನಿಮಗೆ, ಅದರಲ್ಲೂ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯರಿಗೆ, ಒಂದು ಹಳೇ ಕತೆ ನೆನಪಿಸುತ್ತೇನೆ. ಶ್ರೀಲಿಪಿಯಲ್ಲಿ ಟೈಪಿಸಿದ ಬರಹ ನುಡಿಯಲ್ಲಿ ತೆರೆದರೆ ಕಲಸುಮೇಲೋಗರ ಆಗುತ್ತಿತ್ತಲ್ಲ? ಅಕ್ಷರ ನಮ್ಮದು, ಬರೆದವರು ನಾವು, ಓದಲು ಮಾತ್ರ ಅವರವರ ಫಾಂಟೇ ಬೇಕು. ಯೂನಿಕೋಡ್ ಬಂದ ಮೇಲೆ ತಾನೇ ನಾವೆಲ್ಲ ಉಸಿರಾಡಿದ್ದು, ಹೀಗೆ ಬರೆಯುತ್ತಿರುವುದು? ನನ್ನ ಲಾರಿ ಇವತ್ತು ಆ ಫಾಂಟುಗಳ ಕಾಲದಲ್ಲಿದೆ. ಅದರ ತಲೆಯಲ್ಲಿ ಬರೆದದ್ದನ್ನು ಓದಲು ಬರೆದವನೇ ಬೇಕು.

ನಾನು ಪುಕ್ಕಟೆ ಕೇಳುತ್ತಿಲ್ಲ. ಕೇಳುವುದು ಮೂರೇ. ತಪಾಸಣಾ ಸಾಫ್ಟ್‌ವೇರನ್ನು ನ್ಯಾಯವಾದ ಬೆಲೆಗೆ ಹೊರಗಿನ ಗ್ಯಾರೇಜುಗಳಿಗೂ ಮಾರಿ. ಆರ್‌ಸಿ ತೋರಿಸಿದ ಮಾಲೀಕನಿಗೆ ಬಳಸಿದ ಇಸಿಎಂಗೂ ಪ್ರೋಗ್ರಾಂ ಹಾಕಿಕೊಡಿ. ಲಾರಿ ಮಾರುವ ದಿನವೇ ಅದರ ಮಾಹಿತಿಯ ಒಂದು ಪ್ರತಿಯನ್ನು ಕೀ ಜೊತೆ ಕೈಗಿಡಿ.

ಲಾರಿ ಈಗ ಓಡುತ್ತಿದೆ. ಯೂರಿಯಾನೂ ಹಾಕುತ್ತಿದ್ದೇನೆ :-) ಆದರೆ ಬೈಂದೂರಿನ ಆ ಎಲೆಕ್ಟ್ರಿಷಿಯನ್ನರ ಮಗ ಈ ಕೆಲಸ ಬೇಡ ಅಂತ ಬೆಂಗಳೂರಿಗೆ ಹೋಗಿದ್ದಾನೆ. ಯಾಕೆ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಎಂತ ಕೆಟ್ಟಿತ್ ಅಂದ್ ಗೊತ್ತಿದ್ರೂ ಸರಿ ಮಾಡುಕೆ ಬಿಡುದಿಲ್ಲೆ."

ನೀವೇನಂತೀರಿ?